ಅಕ್ಕಾರು ಗಾಳಿಸಿ ಹಾಕಿದ ನೀರು

ಸುನಂದಾ ಅಕ್ಕಾರು ಆ ದಿನ ಮುಂಜಾನೆ ತಮ್ಮ ಕಾರಿನ ನೀರಿನ ಟಾಕಿ ತುಂಬಿಸಿದ್ದರು. ತುಂಬಿಸಿರಲಿಲ್ಲ, ಮರೆತಿದ್ದರು ಎಂದು ಹೇಳಿದವನು ನಾನು. ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಹೇಳಿ ಒಂಬತ್ತು ವರ್ಷ ಅದನ್ನು ಹಾಗೆಯೇ ಇರಗೊಟ್ಟೆ.

ವಿಷಯ ಇಷ್ಟೇ. ಇಲ್ಲಿಗೇ ನಿಲ್ಲಿಸಿದರೂ ನಡೆಯುತ್ತದೆ. ಆದರೆ ಇಷ್ಟನ್ನೇ ಓದಿದವರು, ಗಾಜು ತೊಳೆಯುವ ನೀರಿನ ಮಾತು, ಅದರಲ್ಲೇನು ದೊಡ್ಡದು, ಹೋಗಲಿ ಬಿಡು ಅಂದಾರು — ನಾನೂ ಹಾಗೆಯೇ ಅಂದುಕೊಂಡಿದ್ದೆ — ಅದಕ್ಕೆ ಉಳಿದದ್ದನ್ನೂ ಬರೆಯುತ್ತೇನೆ.

ನನ್ನ ಹೆಸರು ಯಲ್ಲಪ್ಪ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಮಚ್ಛೆಯ ಹತ್ತಿರ ನನ್ನದೊಂದು ಗ್ಯಾರೇಜಿದೆ. ತಗಡಿನ ಶೆಡ್ಡು, ಮುಂದೆ ಎರಡು ಗಾಡಿ ನಿಲ್ಲುವಷ್ಟು ಜಾಗ. ನಮ್ಮದು ಖಾನಾಪುರ ತಾಲೂಕಿನ ಕುರಿ ಕಾಯುವ ಮನೆತನ. ಅಪ್ಪ ಕೊನೆಯವರೆಗೂ ಕುರಿಯ ಹಿಂದೆ ನಡೆದ, ನಾನು ನಟ್ಟು ತಿರುಗಿಸುವ ಪಾನಾ ಹಿಡಿದೆ. ಹೊಸ ಗಾಡಿಯವರು ದೊಡ್ಡ ದೊಡ್ಡ ಶೋರೂಮಿಗೆ ಹೋಗುತ್ತಾರೆ. ಹಳೆಯ ಗಾಡಿಯವರಿಗೆ ನಾನೇ ಗತಿ. ಹಳೆಯ ಗಾಡಿ ಅಂದರೆ ಯಲ್ಲಪ್ಪ ಎಂದು ಹೆಸರಾಗಿತ್ತು, ಆ ಹೆಸರು ನನ್ನ ತಲೆಗೂ ಸ್ವಲ್ಪ ಏರಿತ್ತು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಅನ್ನುತ್ತೇವೆ. ಸುನಂದಾ ಅಕ್ಕಾರು ಖಾನಾಪುರದ ಹಳೆಯ ಜೈನ ಮನೆಯವರು. ಮೂರನೆಯ ಇಯತ್ತೆಯಲ್ಲಿ ನನಗೆ ಕಲಿಸಿದವರು ಅವರೇ. ಮನೆಯಲ್ಲಿ ನಾವು ಆಡುತ್ತಿದ್ದುದು ಅರ್ಧ ಮರಾಠಿ, ಅರ್ಧ ಕನ್ನಡ. ಈ ಹಾಳೆಯ ಮೇಲಿನ ಕನ್ನಡ ನೆಟ್ಟಗಿದ್ದರೆ ಅದು ಅವರ ಕೈಯ ಪಟ್ಟಿಯ ಏಟಿನ ಪುಣ್ಯ.

ಅವರ ಯಜಮಾನರು ತೀರಿಕೊಂಡಾಗ ಮನೆಯಲ್ಲಿ ಒಂದು ಹಳೆಯ ಸಣ್ಣ ಕಾರು ಉಳಿಯಿತು. ಮಾರಿಬಿಡೋಣ ಎಂದು ಮೈದುನ ಭರಮಣ್ಣ ಹೇಳಿದ. ಅಕ್ಕಾರು ಮಾರಲಿಲ್ಲ. ನೌಕರಿಯಿಂದ ನಿವೃತ್ತರಾದ ಮೇಲೆ, ಐವತ್ತೆಂಟರ ವಯಸ್ಸಿನಲ್ಲಿ, ಡ್ರೈವಿಂಗ್ ಕ್ಲಾಸಿಗೆ ಹೋಗಿ ಗಾಡಿ ಕಲಿತರು. ಖಾನಾಪುರ ಬಸ್‌ಸ್ಟ್ಯಾಂಡಿನ ರಿಕ್ಷಾದವರು, "ಸರೀರೆಪಾ ಸರೀರಿ, ಅಕ್ಕಾರ ಗಾಡಿ ಬಂತು, ಈಗ ಹಾಜರಿ ತಗೋತಾರ" ಎಂದು ಚೇಷ್ಟೆ ಮಾಡುತ್ತಿದ್ದರು. ಅಕ್ಕಾರು ಗಾಜು ಇಳಿಸಿ, "ಯಾರ್ಯಾರು ಗೈರಹಾಜರು ಅನ್ನೂದು ನನಗ ಗೊತ್ತೈತಿ" ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ಮಂಗಳವಾರ ಮತ್ತು ಶುಕ್ರವಾರ ಅವರು ಬೆಳಗಾವಿಯ ಶಹಾಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ತಂಗಿ ಲಕ್ವಾ ಹೊಡೆದು ಮಲಗಿದಲ್ಲೇ ಇದ್ದರು. ತಂಗಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಉಣ್ಣಿಸಿ, ಹೊತ್ತು ಮುಳುಗುವ ಮೊದಲು ತಿರುಗಿ ಖಾನಾಪುರಕ್ಕೆ. ಬೇರೆಯವರು ಸ್ನಾನ ಮಾಡಿಸಿದರೆ ತಂಗಿ ಅಳುತ್ತಾಳೆ ಎಂದು ನನಗೊಮ್ಮೆ ಹೇಳಿದ್ದರು. ದಾರಿಯಲ್ಲಿ ಗಾಲಿಯ ಗಾಳಿ ನೋಡಿಸಲು ನನ್ನಲ್ಲಿ ನಿಲ್ಲುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಜೈನರ ಮನೆಯಲ್ಲಿ ನೀರನ್ನು ದಪ್ಪ ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಗಾಳಿಸುತ್ತಾರೆ — ನೀರಿನಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತದೆ, ಅದು ಸಾಯಬಾರದು ಎಂದು. ಗಾಳಿಸಿದ ಮೇಲೆ ಆ ಅರಿವೆಯನ್ನು ಮತ್ತೆ ಬಾವಿಯ ನೀರಿಗೇ ಜಾಲಿಸುತ್ತಾರೆ, ಅದರಲ್ಲಿ ಉಳಿದ ಜೀವ ತನ್ನ ಮನೆ ಸೇರಲಿ ಎಂದು. ಕುಡಿಯುವ ನೀರಿಗೆ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಅಕ್ಕಾರು ಕಾರಿನ ಟಾಕಿಗೆ ಹಾಕುವ ನೀರನ್ನೂ ಗಾಳಿಸುತ್ತಿದ್ದರು. ಗಾಜಿಗೆ ನೀರು ಹಾರಿಸಿ ವೈಪರ್ ಆಡಿಸುವುದಕ್ಕೆ ಎಂಜಿನ್ನಿನ ಬಾಜು ಒಂದು ಸಣ್ಣ ಪ್ಲಾಸ್ಟಿಕ್ ಟಾಕಿ ಇರುತ್ತದಲ್ಲ, ಅದು. ನಾನು ನಕ್ಕಿದ್ದೆ.

"ಅಕ್ಕಾರ, ಗಾಡಿ ಏನ್ ಈ ನೀರು ಕುಡಿಯೂದಿಲ್ರಿ."

"ಗಾಡಿ ಸಲುವಾಗಿ ಅಲ್ಲೊ ಯಲ್ಲಪ್ಪಾ. ನೀರಾಗ ಇದ್ದದ್ದರ ಸಲುವಾಗಿ."

ಗಾಡಿ ತೆಗೆಯುವ ದಿನ ಮೊದಲು ಟಾಕಿಗೆ ಗಾಳಿಸಿದ ನೀರು, ಆಮೇಲೆ ಚಾವಿ ತಿರುವಿ ಗಾಜಿಗೆ ಒಂದು ಸಲ ಹಾರಿಸಿ ನೋಡುವುದು, ಆಮೇಲೆಯೇ ಗಾಡಿ ಚಾಲೂ. ಇದನ್ನು ಬಿಟ್ಟು ಅವರು ಅಂಗಳ ದಾಟಿದ್ದನ್ನು ಯಾರೂ ನೋಡಿಲ್ಲ. ನಾನಂತೂ ನೋಡಿರಲಿಲ್ಲ — ನನಗೆ ಇದು ಚೆನ್ನಾಗಿ ಗೊತ್ತಿತ್ತು.

ಒಂದು ಆಷಾಢದ ಮಂಗಳವಾರ ಅವರು ಗ್ಯಾರೇಜಿನ ಮುಂದೆ ನಿಲ್ಲಿಸಿ, ನೀರು ಹಾರುತ್ತಿಲ್ಲ ಎಂದರು. ನಾನು ಸ್ಟೇರಿಂಗಿನ ಬಾಜು ಇದ್ದ ಕಡ್ಡಿ ಎಳೆದು ನೋಡಿದೆ. ಮೋಟರು ಗುಂಯ್ ಎಂದಿತು, ನೀರು ಗಾಜಿಗೆ ಬರದೆ ಕೆಳಗೆ ನೆಲಕ್ಕೆ ಸುರಿಯಿತು. ಮೋಟರು ಸರಿ ಇದೆ, ಪೈಪು ಒಡೆದಿದೆ ಎಂದರ್ಥ. ಬಾನೆಟ್ಟು ಮಡಚುವ ಕಡೆ ಕರಿ ರಬ್ಬರು ಪೈಪು ಒಣಗಿ ಸೀಳಿತ್ತು. ಇಪ್ಪತ್ತು ವರ್ಷದ ಪೈಪು, ಮುಟ್ಟಿದರೆ ಒಣ ಕಡ್ಡಿಯ ಹಾಗೆ ಮುರಿಯುತ್ತಿತ್ತು. ಅದನ್ನು ಪೂರಾ ತೆಗೆದು ಅದೇ ಜಾತಿಯ ರಬ್ಬರು ಪೈಪು ಹಾಕಬೇಕು, ಮೋಟರಿನ ಬಾಯಿಗೆ ಒಂದು ಕ್ಲಿಪ್ಪು ಬಿಗಿಯಬೇಕು. ಪೈಪು ನನ್ನಲ್ಲಿ ಇರಲಿಲ್ಲ. ಬೆಳಗಾವಿಯ ಅಂಗಡಿಗೆ ಹೋಗಿ ತರಬೇಕಿತ್ತು. ಹೋಗಿ ಬರಲು ಒಂದು ತಾಸು.

ಆ ದಿನ ಒಂದು ಜೀಪಿನ ಎಂಜಿನ್ನು ಬಿಚ್ಚಿ ಹರವಿದ್ದೆ. ಅದನ್ನು ಬಿಟ್ಟು ನೀರು ಹಾರಿಸುವ ಪೈಪಿಗೆ ಊರಿಗೆ ಹೋಗುವುದು ನನ್ನ ಹೆಸರಿಗೆ ಕಡಿಮೆ ಅನಿಸಿತು. ನಮ್ಮ ಧಂದೆಯಲ್ಲಿ ಅದನ್ನು ಕೆಲಸ ಎಂದು ಯಾರೂ ಎಣಿಸುವುದಿಲ್ಲ. ಎಂಜಿನ್ನು ನಿಂತರೆ ಮಿಸ್ತ್ರಿ ಬೇಕು. ನೀರು ಹಾರಿಸಲು ಮಿಸ್ತ್ರಿ ಯಾಕೆ — ಹೀಗೆ. ಶೆಡ್ಡಿನ ಮೂಲೆಯಲ್ಲಿ ಗೌಂಡಿಗಳು ಬಿಟ್ಟುಹೋದ ಲೆವೆಲ್ ಪೈಪು ಇತ್ತು. ಗೋಡೆ ಕಟ್ಟುವವರು ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಆ ಬಿಳೀ ಪ್ಲಾಸ್ಟಿಕ್ಕಿನ ಪೈಪು. ಅದನ್ನೇ ಅಳೆದು ಕತ್ತರಿಸಿದೆ. ಮೋಟರಿನ ಬಾಯಿಗಿಂತ ಅದರ ತೂತು ತುಸು ದೊಡ್ಡದು. ಬಾಯಿಗೆ ಎರಡು ಸುತ್ತು ಕರಿ ಟೇಪು ಸುತ್ತಿ ಪೈಪನ್ನು ಒತ್ತಿ ಏರಿಸಿದೆ. ಬಿಗಿಯಾಗಿ ಕೂತಿತು. ತಣ್ಣಗಿದ್ದಾಗ ಎಲ್ಲವೂ ಬಿಗಿಯಾಗಿಯೇ ಕೂಡುತ್ತದೆ.

ಎಂಜಿನ್ನಿನ ಬಿಸಿ ಬಡಿಯುವ ಕಡೆ ಬಿಳೀ ಪೈಪು ಹಾಕಬೇಡ, ಮೆತ್ತಗಾಗಿ ಜಾರುತ್ತದೆ ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರು. ಮರೆತಿರಲಿಲ್ಲ. ಕ್ಲಿಪ್ಪಾದರೂ ಬಿಗಿದಿದ್ದರೆ ನಿಲ್ಲುತ್ತಿತ್ತೇನೋ. ಕ್ಲಿಪ್ಪು ಕಪಾಟಿನಲ್ಲಿತ್ತು. ಕಪಾಟು ಜೀಪಿನ ಆ ಬದಿಗಿತ್ತು, ನಡುವೆ ಎಂಜಿನ್ನಿನ ಸಾಮಾನು ಹರವಿತ್ತು. ನಾನು ದಾಟಿ ಹೋಗಲಿಲ್ಲ.

"ಹೊಸಾ ಪೈಪ ಹಾಕೀನ್ರಿ ಅಕ್ಕಾರ. ಇನ್ನ ನೀವು ಇದರ ಕಡೆ ನೋಡೂದ ಬ್ಯಾಡ."

ಅವರು ಕಡ್ಡಿ ಎಳೆದು ನೋಡಿದರು. ಗಾಜಿಗೆ ಎರಡು ಕಡೆಯೂ ನೀರು ಚೆಂದಾಗಿ ಹಾರಿತು. "ಶಾಣ್ಯಾ ಅದಿ" ಎಂದರು. ಶುಕ್ರವಾರದೊಳಗೆ ಸರಿಯಾದ ಪೈಪು ತಂದಿಟ್ಟು ಬದಲಿಸೋಣ ಅಂದುಕೊಂಡೆ. ಶುಕ್ರವಾರ ಅವರು ಹಾರ್ನು ಬಾರಿಸಿ ಹೋದರು, ನಾನು ಕೈ ಎತ್ತಿದೆ.

ಮರು ಮಂಗಳವಾರ. ಮಳೆ ಎರಡು ದಿನದಿಂದ ಬಿಟ್ಟಿತ್ತು, ರಸ್ತೆಯ ತಗ್ಗುಗಳಲ್ಲಿ ಕೆಂಪು ರಾಡಿ ನಿಂತಿತ್ತು. ಖಾನಾಪುರ ಬಿಟ್ಟು ಐದಾರು ಮೈಲು ಬಂದಿರಬೇಕು, ಎದುರಿಗೆ ಬಂದ ಲಾರಿಯೊಂದು ತಗ್ಗಿಗೆ ಇಳಿದು ಅಕ್ಕಾರ ಗಾಡಿಯ ಗಾಜು ತುಂಬ ರಾಡಿ ಹೊಡೆಯಿತು. ಅವರು ಕಡ್ಡಿ ಎಳೆದರು. ನೀರು ಬರಲಿಲ್ಲ. ಒಣ ವೈಪರು ಆ ರಾಡಿಯನ್ನು ಗಾಜಿನ ತುಂಬ ಸವರಿತು, ಎದುರಿಗೆ ಏನೂ ಕಾಣದಾಯಿತು. ಬ್ರೇಕು ಒತ್ತಿದ್ದಾರೆ. ಆದರೆ ಕುರಿಯ ಹಿಂಡೊಂದು ರಸ್ತೆ ದಾಟುತ್ತಿತ್ತು.

ಒಂದು ಕುರಿ ಸತ್ತಿತು. ಗಬ್ಬದ ಕುರಿ, ಈಯಲು ಹೆಚ್ಚು ದಿನ ಇರಲಿಲ್ಲ. ಅಕ್ಕಾರು ಇಳಿದು ಆ ರಾಡಿಯಲ್ಲೇ ಕುಳಿತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಟಲಿಯ ನೀರನ್ನು ಬಾಯಿಗೆ ಬಿಟ್ಟು, ಅದರ ಕಿವಿಯಲ್ಲಿ ತಮ್ಮ ಮಂತ್ರ ಹೇಳಿದರಂತೆ. ಜೀವ ಹೋಗಲು ಕಾಲು ತಾಸು ಹಿಡಿಯಿತಂತೆ. ಕುರಿಯವನೇ ಅವರ ಸ್ಥಿತಿ ನೋಡಿ, ಹೋಗಲಿ ಬಿಡ್ರಿ ತಾಯಿ, ಏಳ್ರಿ ಎಂದನಂತೆ.

ಸುದ್ದಿ ತಿಳಿದು ಭರಮಣ್ಣ ಬಂದು ಗಾಡಿಯನ್ನು ನನ್ನ ಗ್ಯಾರೇಜಿಗೆ ತಂದ. ಒಂದು ದೀಪ ಒಡೆದಿತ್ತು, ಬಾನೆಟ್ಟು ಮುಂದೆ ನೆಗ್ಗಿತ್ತು. ಅಕ್ಕಾರು ಕಟ್ಟಿಗೆಯ ಬಾಕಿನ ಮೇಲೆ ಕುಳಿತರು. ಸೀರೆಯ ಮೇಲೆ ರಕ್ತ ಇತ್ತು, ಅದನ್ನು ಅವರು ನೋಡುತ್ತಲೂ ಇರಲಿಲ್ಲ, ಒರೆಸುತ್ತಲೂ ಇರಲಿಲ್ಲ.

"ಯಲ್ಲಪ್ಪಾ, ಪೈಪ ಬಿಚ್ಚೈತೇನ ನೋಡೊ. ನೀರು ಬರಲಿಲ್ಲ. ನಾ ಮುಂಜಾನೆ ತುಂಬೀನಿ, ಹಾರಿಸಿನೂ ನೋಡೀನಿ."

ನೆಗ್ಗಿದ ಬಾನೆಟ್ಟನ್ನು ಸಲಾಕೆ ಹಾಕಿ ಎಬ್ಬಿಸಿದೆ. ಎದ್ದು ನಿಂತ ಬಾನೆಟ್ಟು ನನಗೂ ಅವರಿಬ್ಬರಿಗೂ ನಡುವೆ ಗೋಡೆಯಾಯಿತು. ಒಳಗೆ ಬಿಳೀ ಪೈಪು ಮೋಟರಿನ ಬಾಯಿಂದ ಕಳಚಿ ಜೋತು ಬಿದ್ದಿತ್ತು. ಬಾಯಿಗೆ ನಾನು ಸುತ್ತಿದ ಟೇಪು ಹಾಗೆಯೇ ಇತ್ತು. ಕೆಳಗಿನ ಬಾಯಿ ತೆರೆದುಕೊಂಡರೆ ಟಾಕಿಯ ನೀರು ಅಷ್ಟೂ ತಾನಾಗಿ ಸೋರಿಹೋಗುತ್ತದೆ, ಹೋಗಿತ್ತು. ಅಕ್ಕಾರು ಗಾಳಿಸಿ ಹಾಕಿದ ನೀರು ಖಾನಾಪುರದ ರಸ್ತೆಯ ಮೇಲೆ ಎಲ್ಲೋ ಬಿದ್ದಿತ್ತು.

ನೋಡಿದ ಕೂಡಲೇ ಎಲ್ಲ ತಿಳಿಯಿತು. ತಿಳಿದ ಮೇಲೆ ಪೈಪನ್ನು ಎತ್ತಿ ಮೋಟರಿನ ಬಾಯಿಗೆ ಮತ್ತೆ ತುರುಕಿದೆ. ಕೈ ತಾನಾಗಿ ಮಾಡಿಬಿಟ್ಟಿತು ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದ್ದೇನೆ. ಕೈ ನನ್ನದೇ. ಆಮೇಲೆ ಅವರನ್ನು ಕರೆದೆ.

"ಪೈಪ ಸರಿ ಐತ್ರಿ ಅಕ್ಕಾರ. ಬರ್ರಿ, ನೀವ ನೋಡ್ರಿ. ಟಾಕಿ ಒಣಗೈತಿ."

ಅವರು ಎದ್ದು ಬಂದರು. ಬಗ್ಗಿ ಪೈಪು ನೋಡಿದರು, ಟಾಕಿ ನೋಡಿದರು. "ನಾ ತುಂಬಿದ್ನೆಲ್ಲೊ" ಎಂದರು, ಮೆಲ್ಲಗೆ, ನನ್ನನ್ನು ಕೇಳುವ ಹಾಗೆ.

ಅಲ್ಲಿಯವರೆಗೂ ತಿರುಗಿ ಬರಲು ದಾರಿ ಇತ್ತು. ಪೈಪು ಒಮ್ಮೆ ಎಳೆದು ತೋರಿಸಿದ್ದರೆ — ಆದರೆ ನಾನು ಇನ್ನೊಂದು ಮಾತು ಸೇರಿಸಿದೆ.

"ಅದು ಶುಕ್ರವಾರದ್ದು ನೆನಪಿರಬೇಕ್ರಿ. ದಿನಾ ಮಾಡೂ ಕೆಲಸ ನೋಡ್ರಿ, ಯಾವತ್ತಿಂದು ಯಾವತ್ತು ಅನ್ನೂದ ಗೊತ್ತಾಗಂಗಿಲ್ಲ. ಇವತ್ತ ಮರತೀರಿ."

"ವಯಸ್ಸಾತು ವೈನಿ," ಎಂದ ಭರಮಣ್ಣ. "ಈ ಗಾಡಿ ಮಾರೂಣು ಅಂತ ನಾ ಆವಾಗ ಹೇಳಿದ್ನಿ."

ಅಕ್ಕಾರು ಒಣಗಿದ ಟಾಕಿಯನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ, "ಹೌದೇನೊ. ಮರತಿರಬೇಕು" ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ನಿನ್ನ ಕೆಲಸದ ಮ್ಯಾಲ ಸಂಶಯ ಪಟ್ನೆಪಾ, ತಪ್ಪಾತು" ಎಂದು ಹೇಳಿ ಹೋದರು. ಮರುದಿನ ಬೆಳಗಾವಿಗೆ ಹೋಗಿ ರಬ್ಬರು ಪೈಪು ತಂದು ಹಾಕಿ, ಕ್ಲಿಪ್ಪು ಬಿಗಿದು, ಲೆವೆಲ್ ಪೈಪಿನ ತುಂಡನ್ನು ಗಟಾರಕ್ಕೆ ಒಗೆದೆ.

ಆಗ ನನ್ನ ತಲೆಯಲ್ಲಿದ್ದ ಲೆಕ್ಕ ಒಂದೇ — ಕುರಿ ತಾನೆ. ನಾನು ಕುರಿಗಳ ನಡುವೆ ಹುಟ್ಟಿದವನು. ನಮ್ಮಲ್ಲಿ ಬೀಗರು ಬಂದರೆ ಕುರಿ ಬೀಳುತ್ತದೆ, ದೇವಿಗೆ ಹರಕೆ ಇದ್ದರೆ ಕುರಿ ಬೀಳುತ್ತದೆ. ರಸ್ತೆಯ ಮೇಲೆ ಗಾಡಿಗೆ ಸಿಕ್ಕ ಕುರಿಯನ್ನು ಅಪ್ಪ ಎಷ್ಟೋ ಸಲ ಹೊತ್ತು ತಂದಿದ್ದ; ಬೈದು, ಕೈ ತೊಳೆದು, ಉಂಡು ಮಲಗಿದ್ದ. ಅಕ್ಕಾರು ಎಂಟು ದಿನ ಮರುಗುತ್ತಾರೆ, ಆಮೇಲೆ ಸರಿಹೋಗುತ್ತಾರೆ ಎಂದುಕೊಂಡೆ. ನನ್ನ ಮನೆಯ ಅಳತೆಯ ಕೋಲು ತಂದು ಅವರ ಮನೆ ಅಳೆದೆ.

ಅವರ ಅಳತೆ ಬೇರೆ ಎಂದು ನನಗೆ ತಿಳಿದದ್ದು ಆ ವರ್ಷದ ಕ್ಷಮಾವಾಣಿಯ ದಿನ. ಗಣಪತಿ ಹಬ್ಬದ ಹೊತ್ತಿಗೆ ಜೈನರ ದಶಲಕ್ಷಣ ಪರ್ವ ಬರುತ್ತದೆ. ಅದು ಮುಗಿದ ಮೇಲೆ ಒಂದು ದಿನ ಅವರು ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತಾರೆ. ದೊಡ್ಡವರು ಸಣ್ಣವರಿಗೆ, ಅತ್ತೆ ಸೊಸೆಗೆ, ಮನೆಯವರು ಕೆಲಸದವರಿಗೆ. ಕೇಳಿದವರಿಗೆ ಆ ದಿನ ಇಲ್ಲ ಅನ್ನುವ ಹಾಗಿಲ್ಲ. ಅಕ್ಕಾರು ಬಸ್ಸಿನಲ್ಲಿ ಮಚ್ಛೆಗೆ ಬಂದು ಇಳಿದು, ಎಣ್ಣೆ ಮೆತ್ತಿದ ನನ್ನ ಶೆಡ್ಡಿನಲ್ಲಿ ನಿಂತು ನನಗೆ ಕೈ ಮುಗಿದರು.

"ಉತ್ತಮ ಕ್ಷಮಾ, ಯಲ್ಲಪ್ಪಾ. ಅವತ್ತ ನಿನ್ನ ಕೆಲಸದ ಮ್ಯಾಲ ಸಂಶಯ ಪಟ್ಟಿದ್ನಿ. ಹೊಟ್ಯಾಗ ಹಾಕ್ಕೊ."

"ಇರಲಿ ಬಿಡ್ರಿ ಅಕ್ಕಾರ," ಎಂದೆ.

ಕುಳಿತು ಸ್ವಲ್ಪ ಹೊತ್ತು ಮಾತಾಡಿದರು. ಅವರು ಹೇಳಿದ್ದು ಇಷ್ಟು: ಎಷ್ಟು ಎಚ್ಚರ ಇದ್ದರೂ ಕೈ ಮೀರಿ ಒಂದು ಜೀವ ಹೋದರೆ, ಅದು ಒಂದು ಬಗೆ. ಎಚ್ಚರ ತಪ್ಪಿ ಹೋದರೆ, ಅದೇ ಹಿಂಸೆ. ಎರಡರ ನಡುವೆ ಭೂಮಿ ಆಕಾಶದಷ್ಟು ಅಂತರ. "ನೀರು ಹಾಕಿ, ಪೈಪ ಬಿಚ್ಚಿ ಹಂಗಾಗಿದ್ರ ನನಗ ದುಃಖ ಆಗ್ತಿತ್ತು, ಪಾಪ ಅಂಟ್ತಿರಲಿಲ್ಲ. ನಾ ಮರತ್ನಿ. ನಾನ ಕೊಂದಂಗ ಆತು. ಹೊಟ್ಟ್ಯಾಗಿನ ಮರೀನೂ." ಇಷ್ಟನ್ನು ಅವರು ಪಾಠ ಹೇಳುವ ದನಿಯಲ್ಲೇ ಹೇಳಿದರು. ನಾನು ಕೇಳಿಸಿಕೊಂಡೆ. ಕೈಯಲ್ಲಿ ಪಾನಾ ಇತ್ತು.

ಅಂದರೆ ನಾನು ಆಡಿದ ಒಂದು ಮಾತಿನಿಂದ ಅಪಘಾತ ಹೋಗಿ ಅವರ ಪಾಲಿಗೆ ಕೊಲೆಯಾಗಿತ್ತು. ಅದು ನನಗೆ ಆ ದಿನವೇ, ಅಲ್ಲೇ, ಅವರ ಬಾಯಿಂದಲೇ ಗೊತ್ತಾಯಿತು. ಗೊತ್ತಾದ ಮೇಲೂ ಬಸ್ಸು ಬರುವವರೆಗೆ ಅವರ ಜೊತೆ ರಸ್ತೆಯ ಬದಿಗೆ ನಿಂತು, ಮಳೆಯ ಮಾತಾಡಿ, ಹತ್ತಿಸಿ ಬಂದೆ.

ಅವರು ಗಾಡಿಯ ಚಾವಿಯನ್ನು ಭರಮಣ್ಣನ ಕೈಗೆ ಕೊಟ್ಟಿದ್ದರು. ಗಾಡಿ ಒಂದು ವರ್ಷ ಮಳೆಗೆ ಹೊದಿಸುವ ತಾಡಪತ್ರಿಯ ಕೆಳಗೆ ನಿಂತು, ಆಮೇಲೆ ಯಾರಿಗೋ ಹೋಯಿತು. ಅಕ್ಕಾರು ಆ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಉಪ್ಪು ಬಿಟ್ಟರು. ಅಂದರೆ ಪೂರಾ, ಜೀವ ಇರುವವರೆಗೆ ಎಂದು ವ್ರತ ಹಿಡಿದು ಬಿಟ್ಟರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ತಿಂದವನು ನಾನು, ಬಿಟ್ಟವರು ಅವರು.

ಶಹಾಪುರಕ್ಕೆ ಬಸ್ಸಿನಲ್ಲಿ ಹೋಗತೊಡಗಿದರು. ಮೊದಲು ವಾರಕ್ಕೊಮ್ಮೆ ಆಯಿತು, ಮಂಡಿ ನೋವು ಹತ್ತಿದ ಮೇಲೆ ಹದಿನೈದು ದಿನಕ್ಕೊಮ್ಮೆ. ಎರಡನೆಯ ವರ್ಷದ ಮಳೆಗಾಲದಲ್ಲಿ ತಂಗಿ ಹೋಗಿಬಿಟ್ಟರು. ಬಸ್ಸು ತಡವಾಗಿ, ಇವರು ಮುಟ್ಟುವ ಹೊತ್ತಿಗೆ ಬೇರೆಯವರು ಹೆಣಕ್ಕೆ ನೀರು ಹಾಕಿ ಆಗಿತ್ತು. "ಕಡೀ ಸ್ನಾನನೂ ಬ್ಯಾರೆದವರ ಕೈಲೆ ಆತು ಆಕೀದು" ಎಂದು ಒಂದು ಕ್ಷಮಾವಾಣಿಯ ದಿನ ಹೇಳಿದರು. ಅದಕ್ಕೂ ನಾನು ಇರಲಿ ಬಿಡ್ರಿ ಎಂದೇ ಅಂದಿರಬೇಕು. ಬೇರೆ ಏನು ಅಂದೆನೋ ನೆನಪಿಲ್ಲ.

ಹೀಗೆ ಒಂಬತ್ತು ಸಲ ಬಂದರು. ಒಂಬತ್ತು ಸಲ ಅವರು ಕೈ ಮುಗಿದರು, ಒಂಬತ್ತು ಸಲ ನಾನು ಕ್ಷಮಿಸಿದೆ.

ಈ ಒಂಬತ್ತು ವರ್ಷ ಇವನು ಒಳಗೊಳಗೇ ಬೆಂದಿರಬೇಕು ಎಂದು ಓದುವವರಿಗೆ ಅನಿಸಬಹುದು. ಬೇಯಲಿಲ್ಲ. ಉಂಡೆ, ಮಲಗಿದೆ, ಗ್ಯಾರೇಜಿಗೆ ಇನ್ನೆರಡು ತಗಡು ಹಾಕಿಸಿದೆ. ಬೆರಳಿಗೆ ಸುತ್ತಿಗೆ ಬಿದ್ದರೆ ಒಂದೆರಡು ದಿನ ಉರಿಯುತ್ತದೆ, ಆಮೇಲೆ ಉಗುರು ಕಪ್ಪಗಾಗಿ ಜಡವಾಗುತ್ತದೆ; ಅದೇ ಬೆರಳಿನಿಂದ ಕೆಲಸ ಮಾಡುತ್ತೇವೆ, ಮುಟ್ಟಿದರೂ ತಿಳಿಯುವುದಿಲ್ಲ. ನನ್ನದು ಹಾಗಾಗಿತ್ತು. ನಾಚಿಕೆಯಾಗಿ ಸತ್ತೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಇನ್ನೊಂದು ಸುಳ್ಳಾದೀತು.

ಹೋದ ವರ್ಷ ಅವರು ಕೋಲು ಊರಿಕೊಂಡು ಬಂದಿದ್ದರು. ಎಂದಿನಂತೆ ಕೈ ಮುಗಿದ ಮೇಲೆ, "ಈಗ ಖರೇನ ಮರವು ಬರಾಕತ್ತೈತೊ. ಹಾಲು ಒಲಿ ಮ್ಯಾಲ ಇಟ್ಟು ಮರೀತೀನಿ. ಟಾಕಿ ಮರತ್ನೆಲ್ಲ, ಅವತ್ತಿಂದನ ಸುರು ಆತು ನೋಡು" ಎಂದರು. ಆಮೇಲೆ, "ಆ ಮುಂಜಾನೆ ನೀರು ಗಾಳಿಸಿದ್ದು ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ. ಅಷ್ಟ ಸ್ವಚ್ಛ ನೆನಪ ಇದ್ದದ್ದ ಸುಳ್ಳಂದ್ರ, ನನ್ನ ತಲಿ ನಾ ಹೆಂಗ ನಂಬಲಿ?" ಎಂದರು. ತಮ್ಮ ತಲೆಯನ್ನು ತಾವೇ ನಂಬದೆ ಅವರು ಅಷ್ಟು ವರ್ಷ ಬದುಕಿದ್ದರು. ನಾನು ಒಂದು ಮಾತು ಆಡಬಹುದಿತ್ತು. ಗಿರಾಕಿ ಬಂದಿದ್ದಾನೆ ಎಂದು ಎದ್ದು ಹೋದೆ. ಗಿರಾಕಿ ಬಂದದ್ದು ನಿಜ, ಅವನಿಗೆ ಅವಸರ ಇರಲಿಲ್ಲ.

ಈ ವರ್ಷ ಶ್ರಾವಣದಲ್ಲಿ ಒಂದು ಹಳೆಯ ಕಾರು ಅದೇ ರೋಗ ಹಿಡಿದು ಬಂತು. ನೀರು ಹಾರುತ್ತಿಲ್ಲ. "ಹೆಂಗರ ಮಾಡಿ ಒಂದು ಪೈಪ ತುರುಕಿ ಕೊಡ್ರಿ, ನೀರು ಹಾರೂದೊಂದ ಕೆಲಸ" ಎಂದ ಗಾಡಿಯವನು. ರಬ್ಬರು ಪೈಪು ಈಗ ನನ್ನಲ್ಲಿ ಯಾವಾಗಲೂ ಇರುತ್ತದೆ. ಹಾಕಿ, ಕ್ಲಿಪ್ಪು ಬಿಗಿದು, ಗಾಡಿ ಕಳಿಸಿ, ಕೈ ತೊಳೆದುಕೊಂಡೆ. ಮುಂಜಾನೆಯ ಹನ್ನೊಂದು ಗಂಟೆ. ಶಟರು ಎಳೆದು ಬೈಕು ಹತ್ತಿ ಖಾನಾಪುರಕ್ಕೆ ಹೋದೆ. ಯಾಕೆ ಆ ದಿನ, ಹೋದ ವರ್ಷ ಯಾಕಲ್ಲ, ಎಂದರೆ ನನಗೆ ಗೊತ್ತಿಲ್ಲ. ದಾರಿಯಲ್ಲಿ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಅಕ್ಕಾರು ಪಡಸಾಲೆಯಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದರು. ಕುಂದರ್ಬಾ ಎಂದರು. ನಾನು ನಿಂತೇ ಹೇಳಿದೆ. ಲೆವೆಲ್ ಪೈಪು, ಟೇಪು, ಕ್ಲಿಪ್ಪು ಹಾಕದ್ದು, ಬಾನೆಟ್ಟಿನ ಹಿಂದೆ ಪೈಪು ತುರುಕಿದ್ದು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. ಒಂಬತ್ತು ವರ್ಷ ಹೊತ್ತ ಮಾತು ಐದು ನಿಮಿಷದ್ದು ಎಂದು ಆಗ ತಿಳಿಯಿತು.

ಅವರ ಕೈ ಅಕ್ಕಿಯಲ್ಲೇ ನಿಂತಿತು.

"ಹಂಗಾರ ನಾ ನೀರು ಹಾಕಿದ್ನಿ," ಎಂದರು.

"ಹಾಕಿದ್ರಿ ಅಕ್ಕಾರ."

"ಹಾರಿಸಿನೂ ನೋಡಿದ್ನಿ."

"ನೋಡಿದ್ರಿ."

"ಶುಕ್ರವಾರದ್ದಲ್ಲ ಅದು."

"ಅಲ್ರಿ. ಮಂಗಳವಾರದ್ದ."

ಹುಡುಗನ ಲೆಕ್ಕ ತಿದ್ದುವ ಹಾಗೆ ಒಂದೊಂದನ್ನೇ ಕೇಳಿ ಮುಗಿಸಿದರು. ಅಳಲಿಲ್ಲ, ಬೈಯಲಿಲ್ಲ. ಅಂಗಳದ ಕಡೆ ನೋಡುತ್ತ ಕುಳಿತರು. ನಾನು ಮೂರ್ಖನ ಹಾಗೆ, "ಇನ್ನ ಉಪ್ಪು ತಿನ್ರಿ ಅಕ್ಕಾರ" ಎಂದೆ.

ಅವರು ನನ್ನ ಕಡೆ ತಿರುಗಿದರು. ಮೂರನೆಯ ಇಯತ್ತೆಯಲ್ಲೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. "ಉಪ್ಪಿನ ಮಾತು ನೀ ಆಡಬ್ಯಾಡ" ಎಂದರು.

ಆಮೇಲೆ, ಹೋಗು ಎಂದರು. ಹೋಗಿ ಇದನ್ನು ಬರೆದು ತಾ ಎಂದರು. "ಬಾಯಿಲೆ ಹೇಳಿದ್ದು ನಾಳೆ ನಾನ ಮರತಿರ್ತೀನಿ. ಮರತ್ರ ಮತ್ತ ನಾನ ಕೊಂದಾಕಿ ಆಗ್ತೀನಿ. ಬರಿ. ಸುತ್ತಿ ಬಳಸಬ್ಯಾಡ."

ಬರೆದು ಒಯ್ದೆ. ಕನ್ನಡಕ ಹಾಕಿಕೊಂಡು ಓದಿದರು. ಅದರಲ್ಲಿ ಒಂದು ಪುಟ ತುಂಬ ನನ್ನ ಕಷ್ಟ ಬರೆದಿದ್ದೆ — ಗ್ಯಾರೇಜಿನ ಮೇಲೆ ಸಾಲ, ಹೆಸರು ಕೆಟ್ಟರೆ ಹೇಗೆ, ಹೆಂಡತಿಗೆ ಜಡ್ಡು, ಹೀಗೆಲ್ಲ. ಅವೆಲ್ಲ ನಿಜವೇ. ಅಕ್ಕಾರು ಆ ಪುಟಕ್ಕೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದರು. "ಇದು ಪ್ರಶ್ನೆದಾಗ ಇಲ್ಲ" ಎಂದರು. ಆ ಪುಟ ಇಲ್ಲಿ ಇಲ್ಲ.

ಬರುವ ಕ್ಷಮಾವಾಣಿಯ ದಿನ ಖಾನಾಪುರದ ಬಸದಿಯ ಅಂಗಳದಲ್ಲಿ, ಪೂಜೆಯಾಗಿ ಎಲ್ಲರೂ ಸೇರಿದ ಮೇಲೆ, ನಾನು ಇದನ್ನು ಓದಬೇಕು. ಹಾಗೆಂದು ಅಕ್ಕಾರೇ ಹೇಳಿ, ಹಿರಿಯರ ಅಪ್ಪಣೆ ಕೇಳಿದ್ದಾರೆ. ನಾನು ಏನು ಓದುತ್ತೇನೆ ಎಂದು ಅವರಿಗೆ ಹೇಳಿಲ್ಲ. ಭರಮಣ್ಣನಿಗೂ ಹೇಳಿಲ್ಲ, ಎಲ್ಲರ ಜೊತೆ ಅವನೂ ಕೇಳಲಿ ಎಂದಿದ್ದಾರೆ. "ನಾ ಎದುರಿಗೆ ಕುಂದರ್ತೀನಿ. ನನ್ನ ಮಾರಿ ನೋಡಬ್ಯಾಡ, ಹಾಳಿ ನೋಡಿ ಓದು" ಎಂದಿದ್ದಾರೆ. ಈ ವರ್ಷ ಅವರು ಮಚ್ಛೆಗೆ ಬರುವುದಿಲ್ಲ.

ಆ ದಿನ ಅಲ್ಲಿ ಕೈ ಮುಗಿದು ಕೇಳಿದವರಿಗೆ ಯಾರೂ ಇಲ್ಲ ಅನ್ನುವ ಹಾಗಿಲ್ಲ ಎಂದು ಮೇಲೆ ಬರೆದಿದ್ದೇನೆ. ನಾನು ಕೇಳಿದರೆ ಅಕ್ಕಾರೂ ಇಲ್ಲ ಅನ್ನಲಾರರು. ಅಷ್ಟು ಜನರೆದುರು, ಅವರ ದೇವರೆದುರು, ಅವರ ಧರ್ಮವೇ ಅವರಿಂದ ಹೂಂ ಅನ್ನಿಸುತ್ತದೆ. ಅದಕ್ಕೆ ನಾನು ಕೇಳುವುದಿಲ್ಲ. ಓದಿ ಮುಗಿಸುತ್ತೇನೆ, ಹಾಳೆಯನ್ನು ಅವರ ಕೈಗೆ ಕೊಡುತ್ತೇನೆ, ಕೈ ಮುಗಿಯದೆ ಹೊರಗೆ ಹೋಗುತ್ತೇನೆ. ಇಲ್ಲ ಅನ್ನುವ ಹಕ್ಕು ಅವರ ಹತ್ತಿರವೇ ಇರಲಿ.